ಭತ್ತದ ಹೊಟ್ಟಿನ ವಿಭೂತಿ

ನನ್ನ ಹೆಂಡತಿ ಎಂಟು ಸೋಮವಾರ ಭಕ್ತಿಯಿಂದ ತನ್ನ ಬಲ ಮೊಣಕಾಲಿಗೆ ತಿಕ್ಕಿಕೊಂಡ ವಿಭೂತಿ ಕುರುಗೋಡಿನ ಬಸವಣ್ಣನ ಸನ್ನಿಧಿಯದಲ್ಲ. ಅದು ಕಾಲುವೆ ಸೇತುವೆಯ ಪಕ್ಕದ ತಗಡಿನ ಶೆಡ್ಡೊಂದರಲ್ಲಿ ಮಿರ್ಚಿ ಕರಿಯುವ ಒಲೆಯ ಬೂದಿ. ಭತ್ತದ ಹೊಟ್ಟು ಸುಟ್ಟು ಆದದ್ದು. ತಂದುಕೊಟ್ಟವನು ನಾನು. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಬರೆಯುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ನಾನು ಹೈಸ್ಕೂಲು ಮುಗಿಸಿ ಕಾಲುವೆಯ ಕೆಲಸಕ್ಕೆ ಸೇರಿದವನು. ಸಿರುಗುಪ್ಪದ ಕಡೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲುವೆಯ ದಂಡೆಯ ಮೇಲೆ ಸೈಕಲ್ ತುಳಿದಿದ್ದೇನೆ. ಯಾವ ತೂಬಿನಲ್ಲಿ ಎಷ್ಟು ನೀರು ಹೋಗುತ್ತಿದೆ ಎಂದು ನೋಡಿ ಬರೆದುಕೊಂಡು ಬರುವುದು ನನ್ನ ಉದ್ಯೋಗವಾಗಿತ್ತು. ಈಗ ಪೆನ್ಷನ್ ನಿಲ್ಲಿಸುವವರು ಯಾರೂ ಇಲ್ಲವಾದ್ದರಿಂದ ಇದನ್ನೂ ಹೇಳುತ್ತೇನೆ: ಅರ್ಧ ತೂಬುಗಳನ್ನು ನಾನು ನೋಡಿದ್ದೇ ಇಲ್ಲ. ಬೇವಿನ ಮರದ ಕೆಳಗೆ ಕುಳಿತು, ನೀರು ನಿನ್ನೆ ಹರಿದ ಹಾಗೆ ಇವತ್ತೂ ಹರಿಯುತ್ತದೆ ಎಂಬ ನಂಬಿಕೆಯ ಮೇಲೆ ಬರೆದಿದ್ದೇನೆ. ನೀರು ಎಂದೂ ನನ್ನ ನಂಬಿಕೆ ಕೆಡಿಸಲಿಲ್ಲ. ಹಾಗಾಗಿ ಹೋಗದೆ ಹೋಗಿಬಂದೆ ಎನ್ನುವ ವಿದ್ಯೆಯಲ್ಲಿ ನಾನು ಹಳೆಯ ಕೈ.

ನಿವೃತ್ತಿಯಾದ ಮೇಲೆ ಬಳ್ಳಾರಿಯಲ್ಲಿ ಮನೆ ಮಾಡಿಕೊಂಡೆವು. ಮಗಳ ಮನೆ ಎರಡು ಬೀದಿ ಆಚೆ. ಹೆಂಡತಿಯ ಮೊಣಕಾಲು ಕೆಟ್ಟು ನಾಲ್ಕು ವರ್ಷವಾಗಿತ್ತು. ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಒಳಗಿನ ಸವೆದ ಎಲುಬು ತೋರಿಸಿ, ಕೀಲು ಬದಲಾಯಿಸಬೇಕು ಎಂದರು. ಮಗಳು ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಂಡು ಬಂದಳು. ಅದಕ್ಕೆ ಎರಡು ತಿಂಗಳ ಮೇಲೆ ಸ್ವಲ್ಪ ಅವಕಾಶವಿತ್ತು. ಹೆಂಡತಿ ಆ ಎರಡು ತಿಂಗಳಲ್ಲಿ ಬಸವಣ್ಣನಿಗೂ ಒಂದು ಅವಕಾಶ ಕೊಡಬೇಕೆಂದಳು.

ಆಕೆಯ ತವರು ರಾರಾವಿ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರಿಗಾದರೂ ಕಾಲಿನ ತೊಂದರೆಯಾದರೆ ಮನೆಯವರೊಬ್ಬರು ಒಂಬತ್ತು ಸೋಮವಾರ ಬರಿಹೊಟ್ಟೆಯಲ್ಲಿ ಕುರುಗೋಡಿಗೆ ಹೋಗಿ, ಅಲ್ಲಿನ ದೊಡ್ಡ ಬಸವಣ್ಣನ ವಿಭೂತಿ ತಂದು ನೋವಿಗೆ ಹಚ್ಚಬೇಕು. ವಿಭೂತಿ ಮನೆಗೆ ಬರುವವರೆಗೆ ಕಾಲು ನೋಯುವವರೂ ನೀರು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಹೋಗುವವರು ತಮ್ಮ ಕಾಲಿನ ಶಕ್ತಿಯಿಂದಲೇ ಹೋಗಬೇಕು. ಬಸ್ಸು, ಮೋಟಾರು ನಡೆಯುವುದಿಲ್ಲ. ಹಿಂದೆ ಭಾನುವಾರವೇ ಹೊರಟು ದಾರಿಯಲ್ಲಿ ನೆಂಟರ ಮನೆಯಲ್ಲಿ ಮಲಗಿ ಹೋಗುತ್ತಿದ್ದರಂತೆ. ನಾನು ಬಸ್ಸಿನ ಪರವಾಗಿ ವಾದ ಮಾಡಿ ನೋಡಿದೆ.

"ಹರಕಿ ನನ್ನ ಕಾಲಿಂದು," ಎಂದಳು. "ನೀವು ಹೋಗ್ತೀರೇನು, ಇಲ್ಲಾ ನಾನ ತೆವಳ್ಕೊಂತ ಹೋಗ್ಲಿ?"

ಸೈಕಲ್ ನಡೆಯುತ್ತದೆಯೇ ಎಂದು ರಾರಾವಿಯಲ್ಲಿರುವ ಆಕೆಯ ಚಿಗವ್ವನಿಗೆ, ಎಂದರೆ ಚಿಕ್ಕಮ್ಮನಿಗೆ, ಫೋನು ಮಾಡಿದೆವು. ಆ ಮುದುಕಿಗೆ ಎಂಬತ್ತರ ಮೇಲಾಗಿದೆ, ಹಲ್ಲಿಲ್ಲ, ಆದರೆ ಹೈಕೋರ್ಟಿನ ಹಾಗೆ ತೀರ್ಪು ಕೊಡುತ್ತಾಳೆ. ಸೈಕಲ್ ತುಳಿಯುವುದೂ ಕಾಲಿನಿಂದಲೇ ಆದ್ದರಿಂದ ನಡೆಯುತ್ತದೆ ಎಂದಳು. ಫೋನು ಇಡುವ ಮೊದಲು ಒಂದು ಷರತ್ತು ಹಾಕಿದಳು: "ಇಳಿಜಾರಿನ್ಯಾಗ ಸುಮ್ಮನ ಕುಂತು ಹೋಗಬ್ಯಾಡ್ರಿ ಮತ್ತ. ಅಲ್ಲೂ ತುಳೀಬೇಕು."

ನಮ್ಮ ಸೀಮೆ ರೊಟ್ಟಿಯ ಹೆಂಚಿನಷ್ಟು ಸಪಾಟು. ಇಳಿಜಾರು ಹುಡುಕಿಕೊಂಡು ಹೋಗಬೇಕು. ಒಪ್ಪಿಕೊಂಡೆ.

ಕಾರ್ತಿಕದ ಮೊದಲ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆ. ಹಳೆಯ ಸೈಕಲ್ಲಿಗೆ ಎಣ್ಣೆ ಬಿಟ್ಟು, ಚೈನು ಬಿಗಿ ಮಾಡಿಸಿ, ಹ್ಯಾಂಡಲಿಗೆ ಕಾಯಿ ಕರ್ಪೂರದ ಚೀಲ ಕಟ್ಟಿದ್ದೆ. ಬೀದಿಯ ನಾಲ್ಕಾರು ಜನ ನೋಡಲಿ ಎಂದು ಗಂಟೆ ಬಾರಿಸಿದೆ. ಅರವತ್ತೊಂಬತ್ತರ ಮುದುಕ ಕುರುಗೋಡಿಗೆ ಸೈಕಲ್ ಮೇಲೆ ಹೋಗುತ್ತಾನೆ ಎಂದರೆ ಸಣ್ಣ ಮಾತೇ? ಜೀನ್ಸ್ ಪ್ಯಾಂಟುಗಳ ಗಂಟು ಹೊತ್ತ ಆಟೋಗಳ ನಡುವೆ ನುಸುಳಿ, ಊರು ದಾಟಿ, ದೊಡ್ಡ ರಸ್ತೆ ಬಿಟ್ಟು ಕಾಲುವೆಯ ಪಕ್ಕದ ಸಣ್ಣ ದಾರಿಗೆ ಇಳಿದೆ. ಬೆನ್ನ ಹಿಂದೆ ಬಳ್ಳಾರಿಯ ಬಂಡೆಗುಡ್ಡ ಚಿಕ್ಕದಾಗುತ್ತ ಬಂತು. ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ, ಅದರ ಮೇಲೆ ತೆಳ್ಳಗೆ ಮಂಜು. ಕೊಯ್ದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಸಭೆ ಸೇರಿದ್ದವು. ದಾರಿಯ ಅರ್ಧಕ್ಕೆ ಭತ್ತ ಹರವಿ, ಯಾರೂ ತುಳಿಯದಿರಲಿ ಎಂದು ಅಂಚಿಗೆ ಕಲ್ಲು ಸಾಲಿಟ್ಟಿದ್ದರು. ಉಳಿದ ಅರ್ಧದಲ್ಲಿ ನಾನು, ಎದುರಿಗೆ ಬರುವ ಒಂದೆರಡು ಎಮ್ಮೆ. ಹನ್ನೆರಡು ಹದಿಮೂರು ಕಿಲೋಮೀಟರ್ ನಾನು ರಾಜನ ಹಾಗೆ ಹೋದೆ.

ಆಮೇಲೆ ಎದುರುಗಾಳಿ ಬಂತು. ಸಪಾಟು ನೆಲದಲ್ಲಿ ಗಾಳಿಗೆ ಅಡ್ಡ ಬರುವ ವಸ್ತು ನಾನೊಬ್ಬನೇ. ತೊಡೆ ಕಲ್ಲಾಯಿತು. ಹೊಟ್ಟೆಯಲ್ಲಿ ಏನೂ ಇಲ್ಲ. ಸರಿಯಾಗಿ ಅಲ್ಲಿ, ಸೇತುವೆಯ ಬಳಿ, ಆ ತಗಡಿನ ಶೆಡ್ಡು. ಒಬ್ಬ ದಪ್ಪನೆಯ ಹೆಂಗಸು ಬೀಜ ತೆಗೆದ ಹಸಿಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ಮಂಡಕ್ಕಿ ಒಗ್ಗರಣೆ. ವಾಸನೆ ಕಾಲುವೆಯ ಆಚೆ ದಂಡೆಗೂ ಹೋಗುತ್ತಿತ್ತು. ನೀರು ಕೇಳೋಣ ಎಂದು ಸೈಕಲ್ ನಿಲ್ಲಿಸಿದೆ. ಇದು ಸುಳ್ಳು. ಮಿರ್ಚಿ ಕೇಳೋಣ ಎಂದೇ ನಿಲ್ಲಿಸಿದೆ.

ಒಂದು ತಿಂದರೆ ಉಪವಾಸ ಮುರಿಯುತ್ತದೆ. ಮುರಿದ ಮೇಲೆ ಒಂದಾದರೇನು ನಾಲ್ಕಾದರೇನು ಎಂದು ನಾಲ್ಕು ತಿಂದೆ. ಒಗ್ಗರಣೆಯೂ ತಿಂದೆ. ಪಕ್ಕದ ಬೇವಿನ ಮರದ ಕೆಳಗೆ ಐದು ನಿಮಿಷ ಒರಗಿದೆ. ಎದ್ದಾಗ ಸೂರ್ಯ ನೆತ್ತಿಗೆ ಬಂದಿದ್ದ. ಕುರುಗೋಡು ಇನ್ನೂ ಅಷ್ಟೇ ದೂರವಿತ್ತು. ಬೇವಿನ ಮರಕ್ಕೂ ನನಗೂ ಹಳೆಯ ಒಪ್ಪಂದ. ಅದು ಆಗಲೇ ನನ್ನ ಪರವಾಗಿ ತೀರ್ಮಾನ ಮಾಡಿತ್ತು.

ಆ ಹೆಂಗಸು ಒಲೆಯಿಂದ ಬೂದಿ ಎಳೆದು ರಾಶಿ ಹಾಕುತ್ತಿದ್ದಳು. ಬೆಳ್ಳಗೆ, ಒಂದಿಷ್ಟು ಕಪ್ಪು ಚುಕ್ಕೆ ಬಿಟ್ಟರೆ ನೋಡಲು ವಿಭೂತಿಯ ಹಾಗೆಯೇ ಇತ್ತು. ಒಂದು ಹಿಡಿ ಕೊಡು ಎಂದೆ. ಯಾತಕ್ಕೆ ಎಂದಳು. ಪಾತ್ರೆ ತಿಕ್ಕುವುದಕ್ಕೆ ಎಂದೆ.

"ಮನ್ಯಾಗ ಪಾತ್ರಿ ನೀನ ತಿಕ್ತಿಯೇನು ತಾತಾ?" ಎಂದು ಆಕೆ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದಳು. "ಪುಣ್ಯವಂತಿ ನಿನ್ನ ಹೇಣ್ತಿ."

ಪುಣ್ಯವಂತಿ ಅಂದು ಮಧ್ಯಾಹ್ನ ಎರಡಕ್ಕೆ ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಹಣೆಗೆ ಹಚ್ಚಿಕೊಂಡು, ಮೊಣಕಾಲಿಗೆ ತಿಕ್ಕಿಕೊಂಡಳು. ಯಾಕೋ ತರಿತರಿ ಎನ್ನುತ್ತದೆ ಎಂದಳು. ದೊಡ್ಡ ದೇವರ ವಿಭೂತಿ ಹಾಗೇ ಇರುತ್ತದೆ ಎಂದೆ. ಎಣ್ಣೆಯ ವಾಸನೆ ಎಂದಳು. ಬಸವಣ್ಣನಿಗೆ ಎಣ್ಣೆಯ ಅಭಿಷೇಕವಾಗಿತ್ತು ಎಂದೆ. ಎಷ್ಟು ಬೇಗ ಉತ್ತರಗಳು ಬಂದವೆಂದರೆ ನನಗೇ ನನ್ನ ಮೇಲೆ ಗೌರವ ಬಂತು. ಆಮೇಲೆ ಆಕೆ ಮೊದಲು ನನಗೆ ಬಡಿಸಿದಳು, ಬರಿಹೊಟ್ಟೆಯಲ್ಲಿ ಅಷ್ಟು ದೂರ ತುಳಿದು ಬಂದವನೆಂದು. ನಾನು ಹಸಿದವನ ಹಾಗೆ ಉಂಡೆ. ಆಕೆ ಬೆಳಗಿನಿಂದ ನೀರು ಕುಡಿದವಳು, ನಾನು ಉಂಡಾದ ಮೇಲೆ ಕುಳಿತಳು.

ಮುಂದಿನ ಸೋಮವಾರ ನಿಜವಾಗಿ ಹೋಗಬೇಕೆಂದೇ ಹೊರಟೆ. ಸೇತುವೆ ಅಲ್ಲೇ ಇತ್ತು.

ಹೇಳಬಾರದ ಇನ್ನೊಂದು ಮಾತು ಇದೆ, ಹೇಳುತ್ತೇನೆ. ಆ ಪಾಪದ ಸೋಮವಾರಗಳಲ್ಲಿ ಸೈಕಲ್ ತುಳಿದಷ್ಟು ಸುಖವನ್ನು ನಾನು ಜೀವಮಾನದಲ್ಲಿ ಪಟ್ಟಿಲ್ಲ. ನೌಕರಿಯಲ್ಲಿ ತುಳಿದದ್ದು ಸಂಬಳಕ್ಕೆ. ಈಗ ಹೋಗಬೇಕಾದ ಊರೂ ಇಲ್ಲ, ಬರೆಯಬೇಕಾದ ತೂಬೂ ಇಲ್ಲ. ಬೂದಿಯನ್ನು ಖಾಲಿ ನಶ್ಯದ ಡಬ್ಬಿಯಲ್ಲಿ ತುಂಬಿ ದಾಸ್ತಾನು ಮಾಡಿಕೊಂಡ ಮೇಲಂತೂ ಗಾಳಿ ಯಾವ ಕಡೆ ಬೀಸಿದರೆ ಆ ಕಡೆ ಹೋದೆ. ಒಂದು ಸೋಮವಾರ ಮೋಕದ ಕಡೆ ಹೋಗಿ, ಹಳ್ಳದ ಮರಳಿನಲ್ಲಿ ಕಾಲು ಚಾಚಿ ಕುಳಿತಿದ್ದೆ. ಇನ್ನೊಂದು ಸೋಮವಾರ ರೂಪನಗುಡಿಯ ಕಡೆ; ಅಲ್ಲಿ ಒಣಹಾಕಿದ ಕೆಂಪು ಮೆಣಸಿನಕಾಯಿಯ ನಡುವೆ ಸೀನುತ್ತ ಸೀನುತ್ತ ಸೈಕಲ್ ತಳ್ಳಿದೆ. ಕುರುಗೋಡಿನ ಬಸವಣ್ಣನಿಗೆ ನಾನು ಬೆನ್ನು ಹಾಕಿ ಹೋಗುತ್ತಿದ್ದೆ. ಅವನು ಕಲ್ಲಿನವನು, ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತಾನೆ ಎಂದುಕೊಂಡೆ. ಬೇಗ ಹಿಂದಿರುಗಿದರೆ ಸುಳ್ಳು ಬಯಲಾಗುತ್ತದೆಂದು ಎರಡು ಗಂಟೆಯವರೆಗೆ ಎಲ್ಲಾದರೂ ಮರ ನೋಡಿ ಮಲಗುತ್ತಿದ್ದೆ. ಮನೆಯಲ್ಲಿ ಒಬ್ಬಳು ಅಲ್ಲಿಯವರೆಗೂ ನೀರು ಕುಡಿದುಕೊಂಡು ಕಾಯುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಗ್ಗುಲು ಬದಲಾಯಿಸಿದ್ದೇನೆ.

ಮನೆಗೆ ಹೋದ ಮೇಲೆ ಕುರುಗೋಡಿನ ಸುದ್ದಿ ಹೇಳಬೇಕಾಗುತ್ತಿತ್ತು. ಮೊದಲ ವಾರ ಏನೂ ತೋಚದೆ ಅಲ್ಲಿನ ಪೂಜಾರಿಗೆ ಕೆಮ್ಮು ಎಂದಿದ್ದೆ. ಎರಡನೆಯ ವಾರ ಆ ಕೆಮ್ಮು ಹೇಗಿದೆ ಎಂದು ಕೇಳಿದಳು. ಜಾಸ್ತಿಯಾಗಿದೆ ಎಂದೆ. ಮೂರನೆಯ ವಾರ ಆಕೆ ಒಣಶುಂಠಿ, ಮೆಣಸು, ಹಿಪ್ಪಲಿ ಕುಟ್ಟಿ ಪೊಟ್ಟಣ ಕಟ್ಟಿ ಪೂಜಾರಿಗೆ ಕಳಿಸಿದಳು. ಅದನ್ನು ಮಿರ್ಚಿಯ ಹೆಂಗಸಿಗೆ ಕೊಟ್ಟೆ. ಆಕೆ ಚಹಾಕ್ಕೆ ಹಾಕಿದಳು, ಬಹಳ ಚೆನ್ನಾಗಿತ್ತು. ಪೂಜಾರಿಗೆ ಗುಣ ಕಾಣಿಸಿದೆ ಎಂದು ಮನೆಯಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ಆ ಹೆಂಗಸಿಗೆ ನನ್ನ ಯಾತ್ರೆಯ ವಿಷಯ, ಬೂದಿಯದೊಂದು ಬಿಟ್ಟು, ಪೂರ್ತಿ ಗೊತ್ತಾಗಿತ್ತು. ನನ್ನ ಸೈಕಲ್ ಕಂಡ ಕೂಡಲೇ ಎಣ್ಣೆಗೆ ಆರು ಬಿಟ್ಟು, "ಬಾ ತಾತಾ, ಕುರುಗೋಡು ಬಂತು, ಇಳಿ" ಎನ್ನುತ್ತಿದ್ದಳು.

ಆಶ್ಚರ್ಯವೆಂದರೆ ಹೆಂಡತಿಯ ಕಾಲು ಸುಧಾರಿಸಿತು. ನಾಲ್ಕನೆಯ ವಾರ ನೋವು ಕಡಿಮೆ ಎಂದಳು. ಆರನೆಯ ವಾರ ನಾನು ಬಂದಾಗ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು. ಎಂಟನೆಯ ವಾರದ ಹೊತ್ತಿಗೆ ಆಪರೇಷನ್ ಬೇಡ, ಒಂಬತ್ತು ಮುಗಿದ ಮರುದಿನ ಆಸ್ಪತ್ರೆಗೆ ಹೋಗಿ ದಿನ ರದ್ದು ಮಾಡಿಸಿಬಿಡು ಎಂದು ಮಗಳಿಗೆ ಹೇಳಿಬಿಟ್ಟಳು. ನನಗೆ ಒಂದು ಕಡೆ ಭಯ, ಇನ್ನೊಂದು ಕಡೆ ಹೆಮ್ಮೆ. ಹೊಟ್ಟಿನ ಬೂದಿಯಲ್ಲಿ ಯಾರಿಗೂ ಗೊತ್ತಿಲ್ಲದ ಔಷಧಿ ಇರಬಹುದೆಂದು ನನ್ನ ಮಂಡಿಗೂ ಸ್ವಲ್ಪ ತಿಕ್ಕಿ ನೋಡಿದೆ. ಚರ್ಮ ಕೆಂಪಾಯಿತು.

ಎಂಟನೆಯ ಸೋಮವಾರ ಶೆಡ್ಡು ಮುಚ್ಚಿತ್ತು. ಹಸಿವಾಯಿತು, ಮಲಗಲೂ ಮನಸ್ಸಾಗಲಿಲ್ಲ. ಡಬ್ಬಿಯಲ್ಲಿ ಬೂದಿ ಇತ್ತು. ಹೊತ್ತು ನೋಡದೆ ಸೈಕಲ್ ತಿರುಗಿಸಿಬಿಟ್ಟೆ. ಹತ್ತೂವರೆಗೆಲ್ಲ ಮನೆಯ ಗೇಟಿನ ಬಳಿ ಇದ್ದೆ. ಬಾಗಿಲು ತೆರೆದಿತ್ತು. ಒಳಗಿನಿಂದ ನೆಲಕ್ಕೆ ಏನೋ ಉಜ್ಜುವ ಸದ್ದು: ಗರ್ರ್ ಎಂದು ಸ್ವಲ್ಪ, ನಿಂತು, ಮತ್ತೆ ಗರ್ರ್.

ಇಣುಕಿ ನೋಡಿದೆ. ಹೆಂಡತಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದುಕೊಂಡು ಅದನ್ನು ಮುಂದೆ ತಳ್ಳುತ್ತ, ಅದರ ಮೇಲೆ ಭಾರ ಹಾಕಿ, ಬಲಗಾಲನ್ನು ಎಳೆದುಕೊಳ್ಳುತ್ತಿದ್ದಳು. ಅಡುಗೆಮನೆಯಿಂದ ಬಚ್ಚಲಿಗೆ ಎಂಟು ಹೆಜ್ಜೆ ಇರಬಹುದು. ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ನಡುವೆ ನಿಂತಳು. ಮತ್ತೆ ತಳ್ಳಿದಳು.

ನಾನು ಕಳ್ಳನ ಹಾಗೆ ಹಿಂದೆ ಸರಿದು, ಗೇಟಿನ ಆಚೆ ಹೋಗಿ, ತುಸು ಹೊತ್ತು ನಿಂತು, ಸೈಕಲ್ ಗಂಟೆ ಬಾರಿಸಿದೆ. ಒಳಗೆ ಕುರ್ಚಿ ಗಡಗಡ ಸರಿಯಿತು. ನಾನು ಮೆಟ್ಟಿಲಿಗೆ ಬರುವಷ್ಟರಲ್ಲಿ ಆಕೆ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು. ಒಂದು ಕೈ ಮಾತ್ರ ಚೌಕಟ್ಟಿನ ಮೇಲೆ. ಮುಖದಲ್ಲಿ ನಗು. ಇವತ್ತು ಬೇಗ ಬಂದಿರಿ ಎಂದಳು. ಗಾಳಿ ಹಿಂದಿನಿಂದ ಬೀಸಿತು ಎಂದೆ. ಕಾಲು ಹೇಗಿದೆ ಎಂದು ಕೇಳಿದೆ. ಹೂವಿನ ಹಾಗಿದೆ ಎಂದಳು.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಸುಮ್ಮನಿದ್ದರೆ ಆಪರೇಷನ್ ತಪ್ಪಿ ಆಕೆ ಉಳಿದ ಆಯುಷ್ಯವೆಲ್ಲ ಆ ಕುರ್ಚಿ ತಳ್ಳಬೇಕು. ಹೇಳಿದರೆ ನಲವತ್ತು ವರ್ಷ ನನ್ನನ್ನು ನಂಬಿದವಳ ಎದುರು ಮಿರ್ಚಿಯ ಲೆಕ್ಕ ಒಪ್ಪಿಸಬೇಕು. ನಾಚಿಕೆಗೇಡಿನ ಮಾತೆಂದರೆ, ಇಷ್ಟು ಗೊತ್ತಿದ್ದೂ ಆರು ದಿನ ತಳ್ಳಿದೆ. ಆಕೆ ತಾನಾಗಿ ಬಾಯಿ ಬಿಟ್ಟರೆ ನಾನು ಪಾರಾಗುತ್ತೇನೆ ಎಂದು ಕಾದೆ.

ಒಂಬತ್ತನೆಯ ಸೋಮವಾರ ಬೆಳಿಗ್ಗೆ ಆಕೆ ನನ್ನ ಚೀಲಕ್ಕೆ ಕಾಯಿ ಇಟ್ಟು, ಬಾಟಲಿಗೆ ನೀರು ತುಂಬಿ ಕೊಟ್ಟಳು. ಇದೇ ಕೊನೆಯದು, ನೀವೂ ದಣಿದಿರಿ ಎಂದಳು. ನಾನು ಸೈಕಲ್ ಸ್ಟ್ಯಾಂಡ್ ತೆಗೆದವನು ಮತ್ತೆ ಹಾಕಿದೆ. ಒಳಗೆ ಬಂದು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೆ.

"ಆ ವಿಭೂತಿ ಕುರುಗೋಡಿಂದಲ್ಲ," ಎಂದೆ.

"ಮತ್ತ ಎಲ್ಲಿಂದು?"

"ಮಿರ್ಚಿ ಅಂಗಡಿ ಒಲಿದು. ನಾ ಒಂದು ಸಲಾನೂ ಕುರುಗೋಡಿಗೆ ಹೋಗಿಲ್ಲ."

ಆಕೆ ಗೋಡೆ ಹಿಡಿದು ನಿಂತಳು. ಆಮೇಲೆ ಕೇಳಿದ ಪ್ರಶ್ನೆ ನಾನು ಎಣಿಸದೇ ಇದ್ದದ್ದು.

"ಕಟಗಿ ಒಲಿನೋ, ಹೊಟ್ಟಿಂದೋ?"

"ಹೊಟ್ಟಿಂದು."

"ಅದಕ್ಕ ತರಿತರಿ ಅಂತಿತ್ತು." ಬೆರಳ ತುದಿಗಳನ್ನು ಒಂದಕ್ಕೊಂದು ತಿಕ್ಕಿದಳು. "ನೀವು ತಿಂದ್ರೇನು?"

"ಏನು?"

"ಮಿರ್ಚಿ."

ತಿಂದೆ ಎಂದೆ. ಎಷ್ಟು ಎಂದಳು. ನಾಲ್ಕು, ಕೆಲವು ಸಲ ಆರು ಎಂದೆ. ಬೂದಿಯ ಮಾತಿಗೆ ಬದಲಾಗದ ಆಕೆಯ ಮುಖ ಈಗ ಬದಲಾಯಿತು.

"ನಾ ಇಲ್ಲಿ ನೀರು ಕುಡ್ಕೊಂತ ಕುಂತಿದ್ನಿ," ಎಂದಳು. ಅಷ್ಟೇ.

ಎಂಟು ವಾರ ಪಟಪಟನೆ ಬಂದ ಉತ್ತರಗಳಲ್ಲಿ ಒಂದೂ ಬರಲಿಲ್ಲ. ಕೊನೆಗೆ ಕುರ್ಚಿಯ ಕೈಯನ್ನು ತಟ್ಟಿ, ಇದನ್ನು ನೀನು ತಳ್ಳುವುದನ್ನು ನೋಡಿದ್ದೇನೆ, ನೋವು ಕಡಿಮೆಯಾಗಿಲ್ಲ ಎಂದು ಗೊತ್ತು, ಯಾಕೆ ಸುಳ್ಳು ಹೇಳಿದಿ ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ.

"ಈ ವಯಸ್ಸಿನ್ಯಾಗ ಮನುಷ್ಯಾ ಅಷ್ಟು ದೂರ ತುಳದು ಬರ್ತಾನ. ಬಂದವನ ಕೇಳ್ತಾನ, ಕಡಿಮಿ ಆತೇನು ಅಂತ. ಆಗಿಲ್ಲ ಅಂತ ಹೆಂಗ ಹೇಳ್ಲಿ ನಾನು?"

ಇಷ್ಟು ಹೇಳಿ ಕುರ್ಚಿ ಬಿಡಿ ಎಂದು ಸನ್ನೆ ಮಾಡಿದಳು. ನಾನು ಎದ್ದೆ. ಆಕೆ ಅದನ್ನು ಹಿಡಿದು, ನನ್ನ ಎದುರಿಗೇ, ಮೊದಲ ಸಲ ಮುಚ್ಚುಮರೆಯಿಲ್ಲದೆ, ಗರ್ರ್ ಗರ್ರ್ ಎಂದು ತಳ್ಳಿಕೊಂಡು ಅಡುಗೆಮನೆಗೆ ಹೋಗಿ ಉಪ್ಪಿಟ್ಟು ಮಾಡಿದಳು. ಒಬ್ಬರಿಗಾಗುವಷ್ಟು.

ಮಗಳಿಗೆ ಫೋನು ಮಾಡಿ ಆಪರೇಷನ್ ದಿನ ಹಾಗೇ ಇರಲಿ ಎಂದಳು. ಕಾರಣ ಹೇಳಲಿಲ್ಲ. ರಾರಾವಿಯ ಚಿಗವ್ವನಿಗೂ ಹೇಳಲಿಲ್ಲ. ಅಲ್ಲಿ ನನಗೆ ಅಳಿಯನೆಂಬ ಮರ್ಯಾದೆ ಇನ್ನೂ ಇದೆಯಂತೆ. ಹೆಂಡತಿ ಮಾತ್ರ ನನ್ನ ಸಂಗಡ ಮಾತು ಬಿಟ್ಟಳು. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದಳು, ನಾನು ತಂದುಕೊಡುತ್ತಿದ್ದೆ.

ಆಪರೇಷನ್ ಆಯಿತು, ಒಳ್ಳೆಯದಾಯಿತು. ಮೂರನೆಯ ದಿನ ಆಸ್ಪತ್ರೆಯ ಮಂಚದ ಮೇಲಿನಿಂದ ತೀರ್ಪು ಬಂತು. ಕಾಲನ್ನು ಡಾಕ್ಟರು ಸರಿ ಮಾಡಿರಬಹುದು, ಆದರೆ ಬೇಡಿಕೊಂಡದ್ದನ್ನು ತೀರಿಸಲೇಬೇಕು. ಒಂಬತ್ತು ಸೋಮವಾರ, ಮೊದಲಿನಿಂದ, ಬರಿಹೊಟ್ಟೆಯಲ್ಲಿ, ಒಬ್ಬನೇ. ತನ್ನ ಪಾಲಿನ ಉಪವಾಸ ಎಂಟು ವಾರ ಆಗಲೇ ಮುಗಿದಿದೆ, ಒಂದು ವಾರದ್ದನ್ನು ಬಸವಣ್ಣ ಬಿಟ್ಟುಕೊಡುತ್ತಾನೆ ಎಂದಳು. ನಾನು ತಲೆಯಾಡಿಸಿದೆ. ಇಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ.

"ಹೋಗುವಾಗ ಆ ಅಂಗಡಿ ಕಡಿ ನೋಡಬ್ಯಾಡ್ರಿ," ಎಂದಳು. "ಬರುವಾಗ ಆರು ಮಿರ್ಚಿ ಕಟ್ಟಿಸ್ಕೊಂಡು ಬರ್ರಿ. ನನಗ."

ಆಕೆ ಕೋಲು ಹಿಡಿದು ಓಡಾಡುವಂತಾದ ಮೇಲೆ ಹೊರಟೆ. ಮೊದಲ ನಿಜವಾದ ಸೋಮವಾರ ಸೇತುವೆಯ ಬಳಿ ಆ ಹೆಂಗಸು ಕೂಗಿದಳು, ನಾನು ನಿಲ್ಲಲಿಲ್ಲ. ತಾತನಿಗೆ ದೆವ್ವ ಬಡಿದಿದೆ ಎಂದು ಗಿರಾಕಿಗಳಿಗೆ ಹೇಳಿದ್ದು ಕೇಳಿಸಿತು. ಸೇತುವೆ ದಾಟಿದ ಮೇಲಿನ ದಾರಿ ನಾನು ಎಂಟು ವಾರ ನೋಡದೇ ಇದ್ದದ್ದು. ಅಲ್ಲಿಯೂ ಅದೇ ಗದ್ದೆ, ಅದೇ ಬೆಳ್ಳಕ್ಕಿ. ಎರಡು ಸಲ ಇಳಿದು ತಳ್ಳಿದೆ. ಒಂದು ಕಡೆ ಸಣ್ಣ ಇಳಿಜಾರು ಬಂತು. ಚಿಗವ್ವನ ನೆನಪಾಗಿ ಅಲ್ಲೂ ತುಳಿದೆ.

ಕುರುಗೋಡಿನ ಬಸವಣ್ಣ ಎರಡಾಳಿನ ಎತ್ತರ ಇದ್ದಾನೆ. ಒಂದೇ ಕಲ್ಲು. ಎದುರು ನಿಂತು ಕೈ ಮುಗಿದೆ. ತಡವಾಯಿತು ಎಂದೆ. ಪೂಜಾರಿ ಗಟ್ಟಿಮುಟ್ಟಾದ ಆಸಾಮಿ. ಎದೆ ತುಂಬ ಉಸಿರೆಳೆದು ಮಂತ್ರ ಹೇಳಿದ, ಒಮ್ಮೆಯೂ ಕೆಮ್ಮಲಿಲ್ಲ. ಎರಡು ತಿಂಗಳು ಅವನ ಆರೋಗ್ಯ ನೋಡಿಕೊಂಡವನು ನಾನು, ಸ್ವಲ್ಪ ನಿರಾಸೆಯಾಯಿತು.

ಬರುವಾಗ ಆರು ಮಿರ್ಚಿ ಕಟ್ಟಿಸಿಕೊಂಡೆ. ಯಾಕೆ ಇಲ್ಲಿಯೇ ತಿನ್ನುವುದಿಲ್ಲ ಎಂದು ಹೆಂಗಸು ಕೇಳಿದ್ದಕ್ಕೆ ಎಲ್ಲ ಹೇಳಬೇಕಾಯಿತು, ಬೂದಿಯ ವಿಷಯವನ್ನೂ. ಆಕೆ ಜಾಲರಿ ಸೌಟು ಕೈಯಲ್ಲಿ ಹಿಡಿದು ನಿಂತೇಬಿಟ್ಟಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಬಿಸಿ ಪೊಟ್ಟಣವನ್ನು ಹ್ಯಾಂಡಲಿಗೆ ಕಟ್ಟಿದೆ. ಅಲ್ಲಿಂದ ಬಳ್ಳಾರಿಯವರೆಗೆ ಅದರ ವಾಸನೆ ನನ್ನ ಮೂಗಿಗೂ ಬರಿಹೊಟ್ಟೆಗೂ ಸಮನಾಗಿ ಹಂಚಿಕೆಯಾಗುತ್ತ ಬಂತು. ಈ ಶಿಕ್ಷೆಯನ್ನು ಹೈಕೋರ್ಟಿನ ಚಿಗವ್ವನಿಗೂ ಯೋಚಿಸಲು ಆಗುತ್ತಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಆರು ಸೋಮವಾರ ಮುಗಿದಿವೆ. ಪ್ರತಿ ಸಲವೂ ಆಕೆ ಮೊದಲು ವಿಭೂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುತ್ತಾಳೆ. ಆಮೇಲೆ ನನ್ನ ಬಲಗೈ ಹಿಡಿದು ಮೂಸುತ್ತಾಳೆ. ಮೊನ್ನೆ ವಿಭೂತಿ ತಿಕ್ಕಿ, ನುಣ್ಣಗಿದೆ ಎಂದಳು. ಕೈ ಮೂಸಿ ಬಿಟ್ಟಳು. ಪೊಟ್ಟಣ ಬಿಚ್ಚಿ ಎಣಿಸಿದಳು.

"ಏಳು ಅದಾವಲ್ಲ?"

ಒಂದನ್ನು ಅಂಗಡಿಯ ಹೆಂಗಸೇ ಹೆಚ್ಚಿಗೆ ಹಾಕಿದ್ದಾಳೆ ಎಂದೆ. ದಾರಿಯಲ್ಲಿ ಎಣಿಸಿದ್ದೆ, ಏಳು ಎಂದು ನನಗೂ ಗೊತ್ತಿತ್ತು, ಒಂದು ಹೋದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದೂ ಗೊತ್ತಿತ್ತು. ಇದನ್ನು ಹೇಳಲಿಲ್ಲ, ಆದರೆ ಆಕೆಗೆ ತಿಳಿದ ಹಾಗೆ ಕಾಣಿಸಿತು. ಆರು ತಿಂದಳು, ಹೊಸ ಮೊಣಕಾಲನ್ನು ಮಡಚಿ, ನೆಟ್ಟಗೆ ಮಾಡಿ, ಮತ್ತೆ ಮಡಚಿ ನೋಡುತ್ತ. ಏಳನೆಯದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ನಾನು ಕೈ ಚಾಚಲೇ ಬೇಡವೇ ಎಂದು ಯೋಚಿಸುತ್ತಿದ್ದೆ.

"ಇನ್ನ ಮೂರು ಸೋಮಾರ ಅದಾವು," ಎಂದು ಅದನ್ನು ಕಾಗದದಲ್ಲಿ ಸುತ್ತಿಟ್ಟಳು. ಸಂಜೆ ಚಹಾದ ಜೊತೆ ತಿಂದಳು, ನನಗೆ ಕಾಣುವ ಹಾಗೆ ಕುಳಿತು.